ಸೆಕೆಂಡಿಗೆ 1.2 ಮೀಟರ್

(ಯಲಹಂಕದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಎಂಜಿನಿಯರಿಂಗ್ ಶಿಕ್ಷಣ ಮತ್ತು ಮೌಲ್ಯಗಳ ಬಗ್ಗೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಇಂಥ ವಿಷಯ ಕೊಟ್ಟರೆ ಭಾಷಣಕಾರರಿಗೆ ಸವೆದ ದಾರಿಯೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರಿಂದ ಹೊರಟು, ಪ್ರಾಮಾಣಿಕತೆ, ಶಿಸ್ತು, ಸಮಯಪಾಲನೆ ಎಲ್ಲ ಮುಟ್ಟಿ, ದೇಶಸೇವೆಯಲ್ಲಿ ಇಳಿದುಕೊಳ್ಳುವುದು. ಪ್ರತಿ ಸೆಪ್ಟೆಂಬರ್ 15ಕ್ಕೆ ನೀವು ಆ ಭಾಷಣ ಕೇಳಿಯೇ ಇರುತ್ತೀರಿ. ಇವತ್ತು ಅದು ಬೇಡ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ‘ಸಾರ್ವತ್ರಿಕ ಮಾನವ ಮೌಲ್ಯಗಳು’ ಎಂಬ ಒಂದು ಕ್ರೆಡಿಟ್ಟಿನ ವಿಷಯವಿದೆ. ನಿಮ್ಮ ಬಾಯಲ್ಲಿ ಅದು ಯುಎಚ್‌ವಿ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಒಂದಕ್ಕೆ ಗುರುತು ಹಾಕಬೇಕು. ಯಾವುದು ಹೆಚ್ಚು ಸಾತ್ವಿಕವಾಗಿ ಕಾಣುತ್ತದೋ ಅದಕ್ಕೆ ಹಾಕಿದರೆ ಪಾಸು. ಆ ವಿಷಯ ಇದೆ ಎನ್ನುವುದು ನನ್ನ ತಕರಾರಲ್ಲ. ಮೌಲ್ಯಕ್ಕೆಂದು ಬೇರೆ ಪೀರಿಯಡ್ ಇದೆ ಎಂದಾದ ಕೂಡಲೇ ಮಿಕ್ಕ ಪೀರಿಯಡ್‌ಗಳಲ್ಲಿ ಅದರ ಗೊಡವೆ ಇಲ್ಲ ಎಂದು ನಾವೆಲ್ಲ ಒಪ್ಪಿಕೊಂಡ ಹಾಗಾಯಿತಲ್ಲ, ಅದು ನನ್ನ ತಕರಾರು. ಮೌಲ್ಯದ ನಿಜವಾದ ಪಾಠ ನಡೆಯಬೇಕಾದದ್ದು ವಿನ್ಯಾಸದ ತರಗತಿಯಲ್ಲಿ, ವಿದ್ಯಾರ್ಥಿ ಒಂದು ಅಂಕಿಯನ್ನು ಆರಿಸಿಕೊಳ್ಳುವ ಗಳಿಗೆಯಲ್ಲಿ. ಇದಿಷ್ಟನ್ನೇ ನಾನು ಹೇಳಲು ಬಂದಿರುವುದು. ಆದರೆ ಇದನ್ನು ಬಾಯಿಮಾತಿನಲ್ಲಿ ಹೇಳಿ ಕೂತರೆ ನಾನೂ ಆ ಸವೆದ ದಾರಿಯಲ್ಲೇ ನಡೆದಂತಾಗುತ್ತದೆ. ಆದ್ದರಿಂದ ಲೆಕ್ಕ ಮಾಡೋಣ.

24 ಮೀಟರ್ ಅಗಲದ ರಸ್ತೆ. ಪಾದಚಾರಿಗಳು ದಾಟಲು ಸಿಗ್ನಲ್ ಹಾಕಬೇಕು. ಎಷ್ಟು ಸೆಕೆಂಡು ಹಸಿರು ಕೊಡಬೇಕು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಸಂಹಿತೆ ನೋಡಿದರೆ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಎಂದಿದೆ. ಭಾಗಿಸಿದರೆ 20 ಸೆಕೆಂಡು. ಸಿವಿಲ್ ವಿಭಾಗದ ಯಾವ ಹುಡುಗಿಯಾದರೂ ಅರ್ಧ ನಿಮಿಷದಲ್ಲಿ ಇದನ್ನು ಮಾಡಿ ಪೂರ್ತಿ ಅಂಕ ತೆಗೆದುಕೊಳ್ಳುತ್ತಾಳೆ. ಈಗ ನಾನು ಕೇಳುವುದು: 1.2 ಯಾರ ನಡಿಗೆ? ಆರ್‌.ಟಿ. ನಗರದ ಮುಖ್ಯರಸ್ತೆಯಲ್ಲಿ ತರಕಾರಿ ಚೀಲ ಹಿಡಿದು, ಮಂಡಿ ನೋವಿನ ಕಾಲು ಎಳೆದುಕೊಂಡು ದಾಟುವ ಅಜ್ಜಿಯದಂತೂ ಅಲ್ಲ. ಅವರದು 0.9 ಇದ್ದರೆ ಹೆಚ್ಚು. 0.9ರಿಂದ ಭಾಗಿಸಿದರೆ ಸುಮಾರು 27 ಸೆಕೆಂಡು. ವ್ಯತ್ಯಾಸ ಏಳು ಸೆಕೆಂಡು. ಹಾಗಾದರೆ 27 ಕೊಟ್ಟುಬಿಡೋಣ ಅನ್ನುತ್ತೀರಿ. ತಾಳಿ. ಸಿಗ್ನಲ್ಲಿನ ಒಂದು ಸುತ್ತು ಎರಡು ನಿಮಿಷದ್ದಾದರೆ ಗಂಟೆಗೆ 30 ಸುತ್ತು. ಏಳನ್ನು ಮೂವತ್ತರಿಂದ ಗುಣಿಸಿ. ಗಂಟೆಗೆ ಮೂರೂವರೆ ನಿಮಿಷ ವಾಹನಗಳ ಹಸಿರು ಹೋಯಿತು. ಆ ವಾಹನಗಳ ನಡುವೆ ಆಂಬುಲೆನ್ಸೂ ಇರಬಹುದು, ಎಪ್ಪತ್ತು ಜನರನ್ನು ತುಂಬಿಕೊಂಡ ಬಿಎಂಟಿಸಿ ಬಸ್ಸೂ ಇರಬಹುದು.

20 ಸರಿಯೋ 27 ಸರಿಯೋ ಎನ್ನುವುದನ್ನು ಕ್ಯಾಲ್ಕುಲೇಟರ್ ಹೇಳುವುದಿಲ್ಲ. ಮಂಡಿ ನೋವಿನ ಅಜ್ಜಿಯ ಏಳು ಸೆಕೆಂಡನ್ನೂ ಬಸ್ಸಿನಲ್ಲಿ ಕೂತವರ ಏಳು ಸೆಕೆಂಡನ್ನೂ ಯಾರೋ ತೂಗಿಯೇ ತೀರಬೇಕು. ಸಂಹಿತೆ ಬರೆದವರು ತೂಗಿದರು. ಸಾಮಾನ್ಯ ನಡಿಗೆಯವರನ್ನು ಮುಂದಿಟ್ಟುಕೊಂಡು ಒಂದು ಅಂಕಿ ಕೊಟ್ಟರು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ವೃದ್ಧಾಶ್ರಮದ ಎದುರು, ಆಸ್ಪತ್ರೆಯ ಎದುರು, ಸಾಫ್ಟ್‌ವೇರ್ ಪಾರ್ಕಿನ ಎದುರು ಅದೇ ಅಂಕಿಯನ್ನು ಕಣ್ಣುಮುಚ್ಚಿ ಇಳಿಸುವ ಎಂಜಿನಿಯರ್ ತಾನು ಯಾವ ನಿರ್ಧಾರವನ್ನೂ ಮಾಡಿಲ್ಲ ಎಂದುಕೊಳ್ಳುತ್ತಾನೆ. ಆ ಭ್ರಮೆಯನ್ನು ಬಿಡಿಸುವುದು ನಮ್ಮ ಕೆಲಸ.

ಈ ವಿಷಯ ಎತ್ತಿದಾಗಲೆಲ್ಲ ನ್ಯೂಯಾರ್ಕಿನ ತಗ್ಗು ಸೇತುವೆಗಳ ಕಥೆ ಹೇಳುವುದು ವಾಡಿಕೆ. ಬಡವರ ಬಸ್ಸುಗಳು ಕಡಲತೀರಕ್ಕೆ ಹೋಗದಿರಲೆಂದು ಅಲ್ಲಿನ ಅಧಿಕಾರಿ ರಾಬರ್ಟ್ ಮೋಸೆಸ್ ಬೇಕೆಂದೇ ಸೇತುವೆಗಳನ್ನು ತಗ್ಗಾಗಿ ಕಟ್ಟಿಸಿದ ಎಂಬ ಕಥೆ. ಅದು ಎಷ್ಟು ನಿಜ ಎಂಬ ಬಗ್ಗೆ ವಿದ್ವಾಂಸರಲ್ಲೇ ಜಗಳವಿದೆ. ನಾವು ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಇಲ್ಲಿಂದ ಬಸ್ ಹತ್ತಿದರೆ ಹೆಬ್ಬಾಳವೇ ಸಿಗುತ್ತದಲ್ಲ.

ಹೆಬ್ಬಾಳದ ಮೇಲ್ಸೇತುವೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕಟ್ಟಿಸಿದ್ದು. 2003ರಲ್ಲಿ ಸಂಚಾರಕ್ಕೆ ತೆರೆಯಿತು. ಕವಲುಗಳೆಲ್ಲ ಸೇರಿ ಐದು ಕಿಲೋಮೀಟರಿಗೂ ಮಿಕ್ಕ ಉದ್ದ. ಆಗ ಅದನ್ನು ನೋಡಲೆಂದೇ ಜನ ಬರುತ್ತಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಅದರ ಪಾಡು ನಿಮಗೆ ಗೊತ್ತೇ ಇದೆ. ಆಮೇಲೆ ಹೊಸ ಕವಲುಗಳನ್ನೂ ಸೇರಿಸಿದ್ದಾರೆ. ನಾನು ಹೇಳಹೊರಟದ್ದು ಸೇತುವೆಯ ಮೇಲಿನ ಮಾತಲ್ಲ, ಕೆಳಗಿನದು. ಯಲಹಂಕದ ಕಡೆಯಿಂದ ಬಂದು ಬಳ್ಳಾರಿ ರಸ್ತೆಯಲ್ಲಿ ಇಳಿದು, ಹೊರವರ್ತುಲ ರಸ್ತೆಯಲ್ಲಿ ಕೆ.ಆರ್. ಪುರದ ಬಸ್ ಹಿಡಿಯಬೇಕಾದವರು ಕಂಬಗಳ ನಡುವೆ, ಸರ್ವಿಸ್ ರಸ್ತೆಯ ಅಂಚಿನಲ್ಲಿ, ಹಾರ್ನುಗಳ ಎದುರು ನಡೆಯುತ್ತಾರಲ್ಲ, ಆ ನಡಿಗೆಯ ಮಾತು. ರಸ್ತೆ ದಾಟಲು ಸ್ಕೈವಾಕ್ ಇದ್ದರೆ ಸಾಲದೇ ಎಂದು ಕೇಳಬಹುದು. ಲಾರಿಗಳು ಕೆಳಗೆ ಹಾಯಲು ಐದೂವರೆ ಮೀಟರ್ ಬಿಡಬೇಕು. ಅಂದರೆ ಮೆಟ್ಟಿಲೊಂದಕ್ಕೆ 15 ಸೆಂಟಿಮೀಟರಿನಂತೆ ನಲವತ್ತರ ಹತ್ತಿರ ಮೆಟ್ಟಿಲು ಹತ್ತಿ, ಮತ್ತೆ ಅಷ್ಟೇ ಇಳಿಯಬೇಕು. ಕಾರು ನೆಲದ ಮೇಲೇ ಇರಲಿ, ಕಾಲು ಮೇಲೆ ಹತ್ತಲಿ ಎಂಬ ತೀರ್ಮಾನ ಎಲ್ಲಿ ಆಯಿತು?

ಬಹುಮಟ್ಟಿಗೆ ಅದು ಅಳತೆಗೋಲಿನಲ್ಲೇ ಆಗಿಹೋಗಿರುತ್ತದೆ. ರಸ್ತೆಯ ಸಾಮರ್ಥ್ಯವನ್ನು ನಾವು ಪಿಸಿಯು ಲೆಕ್ಕದಲ್ಲಿ ಅಳೆಯುತ್ತೇವೆ, ಪ್ಯಾಸೆಂಜರ್ ಕಾರ್ ಯೂನಿಟ್. ನಗರದ ರಸ್ತೆಗಳ ಬಗೆಗಿನ 1990ರ ಐಆರ್‌ಸಿ ಸಂಹಿತೆಯಲ್ಲಿ ಕಾರಿಗೆ 1. ಒಟ್ಟು ಸಂಚಾರದಲ್ಲಿ ಅದರದರ ಪಾಲು ನೋಡಿಕೊಂಡು ಸ್ಕೂಟರಿಗೆ 0.5 ಅಥವಾ 0.75, ಸೈಕಲ್ಲಿಗೆ 0.4 ಅಥವಾ 0.5, ಬಸ್ಸಿಗೆ 2.2ರಿಂದ 3.7. ರಸ್ತೆಯಲ್ಲಿ ಯಾವುದು ಎಷ್ಟು ಜಾಗ ತಿನ್ನುತ್ತದೆ ಎಂಬುದಕ್ಕೆ ಇದು ತಕ್ಕ ಲೆಕ್ಕವೇ. ಆದರೆ ಬಸ್ಸಿನೊಳಗೆ ಎಷ್ಟು ತಲೆ ಇವೆ ಎಂದು ಇದು ಕೇಳುವುದಿಲ್ಲ. ಎಪ್ಪತ್ತು ಜನರ ಬಸ್ಸು ಹೆಚ್ಚುಕಡಿಮೆ ಮೂರು ಕಾರಿಗೆ ಸಮ. ಆ ಮೂರು ಕಾರಿನಲ್ಲಿ ಬೆಳಗಿನ ಹೊತ್ತು ನಾಲ್ಕೈದು ಜನ ಇದ್ದಾರು. ನಡೆಯುವವರಿಗಂತೂ ಈ ಪಟ್ಟಿಯಲ್ಲಿ ಸೊನ್ನೆಯೂ ಇಲ್ಲ, ಅವರ ಹೆಸರೇ ಇಲ್ಲ. ಯಾವುದನ್ನು ಎಣಿಸುತ್ತೇವೋ ಅದಕ್ಕೆ ರಸ್ತೆ ಆಗುತ್ತದೆ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಒಂದೇ ಜಾಗದಲ್ಲಿ ಎರಡು ಎಣಿಕೆ ಮಾಡಿಸುತ್ತೇನೆ. ಒಂದು ತಂಡ ಪಿಸಿಯು ಎಣಿಸುತ್ತದೆ, ಇನ್ನೊಂದು ತಂಡ ತಲೆ ಎಣಿಸುತ್ತದೆ. ಬಂದ ಮೇಲೆ ಇಬ್ಬರೂ ಒಂದೇ ಜಂಕ್ಷನ್ನಿಗೆ ಪರಿಹಾರ ಬರೆಯುತ್ತಾರೆ. ಮೊದಲಿನವರದು ಸಾಮಾನ್ಯವಾಗಿ ಇನ್ನೊಂದು ಕವಲು. ಎರಡನೆಯವರದು ಬಸ್ ನಿಲ್ದಾಣದ ಜಾಗ ಬದಲಾವಣೆ.

2016ರಲ್ಲಿ ಇದೇ ರಸ್ತೆಗೆ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರಿನ ಉಕ್ಕಿನ ಸೇತುವೆ ಕಟ್ಟುವ ಯೋಜನೆ ಬಂತು. 1,791 ಕೋಟಿ ರೂಪಾಯಿ, 812 ಮರ. ಅಕ್ಟೋಬರ್ 16ರಂದು ಜನ ಮಾನವ ಸರಪಳಿ ಮಾಡಿದರು, ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಆ ಸೇತುವೆ ಬಿದ್ದುಹೋಗುತ್ತದೆ ಎಂದು ಬೀದಿಗಿಳಿದವರು ಹೇಳಲಿಲ್ಲ. ಸ್ಟ್ರಕ್ಚರಲ್ ಲೆಕ್ಕದ ಮೇಲೆ ಯಾರ ಜಗಳವೂ ಇರಲಿಲ್ಲ. ವಿಮಾನ ಹಿಡಿಯುವವರ ನಿಮಿಷಗಳಿಗೆ ಇಷ್ಟು ಬೆಲೆ ಏಕೆ, ಬಸ್ಸಿಗೂ ಉಪನಗರ ರೈಲಿಗೂ ಏಕಿಲ್ಲ ಎಂಬುದು ಜಗಳ. ವಿನ್ಯಾಸಕಾರನ ಮೇಜಿಗೆ ಬರುವ ಹೊತ್ತಿಗೆ ಆ ಪ್ರಶ್ನೆ ಇತ್ಯರ್ಥವಾಗಿತ್ತು. ನಮ್ಮ ಪ್ರಶ್ನೆಪತ್ರಿಕೆಗಳೂ ಹಾಗೆಯೇ ಇರುತ್ತವೆ: ‘ಕೆಳಗಿನ ಭಾರಕ್ಕೆ ಸೇತುವೆ ವಿನ್ಯಾಸಗೊಳಿಸಿ.’ ಸೇತುವೆಯೇ ಏಕೆ ಎಂದು ಬರೆದ ವಿದ್ಯಾರ್ಥಿಗೆ ಎಷ್ಟು ಅಂಕ ಕೊಡುತ್ತೀರಿ?

ಇಷ್ಟು ಹೇಳಿದರೆ ಮೌಲ್ಯ ಎಂದರೆ ಬರೀ ಆಕ್ಷೇಪಣೆ, ಎಲ್ಲದಕ್ಕೂ ಬೇಡ ಅನ್ನುವುದು ಎಂದು ತೋರೀತು. ಅದಕ್ಕೆ ಯಶವಂತಪುರ ದಾಟಿ ಜಾಲಹಳ್ಳಿಗೆ ಹೋಗೋಣ. 1954ರಲ್ಲಿ ಹುಟ್ಟಿದ ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್), ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ (ಇಸಿಐಎಲ್), ಇವೆರಡೇ ಈ ದೇಶದ ಮತಯಂತ್ರಗಳನ್ನು ತಯಾರಿಸುವುದು. ಹೊರರೂಪದ ವಿನ್ಯಾಸದಲ್ಲಿ ಐಐಟಿ ಬಾಂಬೆಯ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಇದ್ದರು. ಮೌಲ್ಯ ಅಂಕಿಯಾಗಿ, ಗುಂಡಿಯಾಗಿ, ತಂತಿಯಾಗಿ ಇಳಿದುಬಂದದ್ದನ್ನು ಕೈಯಲ್ಲಿ ಮುಟ್ಟಿ ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ.

ತರಗತಿಯಲ್ಲಿ ಮೊದಲು ‘ಒಂದು ಮತಯಂತ್ರ ವಿನ್ಯಾಸ ಮಾಡಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ಹುಡುಗರು ಟಚ್‌ಸ್ಕ್ರೀನ್ ಹಾಕುತ್ತಾರೆ, ಬೆರಳಚ್ಚು ಹಾಕುತ್ತಾರೆ, ಫಲಿತಾಂಶ ಕ್ಷಣದಲ್ಲಿ ಬರಲೆಂದು ಇಂಟರ್ನೆಟ್ ಸೇರಿಸುತ್ತಾರೆ, ‘ಖಚಿತವೇ?’ ಎಂದು ಕೇಳುವ ಪರದೆ ಇಡುತ್ತಾರೆ. ಆಮೇಲೆ ಜಾಲಹಳ್ಳಿಯ ಯಂತ್ರವನ್ನು ಬಿಡಿಸಿ ಹೇಳುತ್ತೇನೆ. ಅದರಲ್ಲಿ ಇದೊಂದೂ ಇಲ್ಲ.

ಎರಡು ಪೆಟ್ಟಿಗೆ, ನಡುವೆ ಐದು ಮೀಟರ್ ಕೇಬಲ್. ಮತದಾರನ ಮುಂದಿರುವುದು ಬ್ಯಾಲೆಟ್ ಯೂನಿಟ್, ಮತಗಟ್ಟೆ ಅಧಿಕಾರಿಯ ಮುಂದಿರುವುದು ಕಂಟ್ರೋಲ್ ಯೂನಿಟ್. ಗುಟ್ಟು ಉಳಿಯಬೇಕು, ಹತೋಟಿಯೂ ಇರಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಲಾಗದು, ಅದಕ್ಕೆ ಆ ತಂತಿ. ಅಧಿಕಾರಿ ಒಮ್ಮೆ ಗುಂಡಿ ಒತ್ತಿದರೆ ಒಂದೇ ಮತ. ಕರೆಂಟ್ ಇಲ್ಲದ ಹಳ್ಳಿಯ ಶಾಲೆಯಲ್ಲೂ ನಡೆಯಬೇಕೆಂದು ಒಳಗೇ ಬ್ಯಾಟರಿ. ಓದಲು ಬಾರದವರಿಗೆ ಚಿಹ್ನೆ, ಅದರ ಪಕ್ಕದಲ್ಲೇ ನೀಲಿ ಗುಂಡಿ, ಒತ್ತಿದರೆ ಕೆಂಪು ದೀಪ ಮತ್ತು ಉದ್ದನೆಯ ಬೀಪ್; ಕಣ್ಣು ಕಾಣದವರಿಗೆ ಬ್ರೈಲ್ ಅಂಕಿ. ‘ಖಚಿತವೇ?’ ಎಂಬ ಪ್ರಶ್ನೆಯೇ ಇಲ್ಲ. ಮೊದಲ ಸಲ ಮತ ಹಾಕಲು ಬಂದ ಕೂಲಿಯ ಹೆಂಗಸು ಎರಡನೇ ಪ್ರಶ್ನೆಗೆ ಗಾಬರಿಯಾದರೆ ಮತವೇ ಹೋದೀತು.

ಇನ್ನು ನನಗೆ ಅಚ್ಚುಮೆಚ್ಚಿನ ವಿವರ. ಮತಪತ್ರದ ಕಾಲದಲ್ಲಿ ಪುಂಡರ ಗುಂಪು ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಚೀಟಿಗೆ ಮುದ್ರೆ ಒತ್ತಿ ಪೆಟ್ಟಿಗೆ ತುಂಬಿಸಿ ಹೋಗುತ್ತಿತ್ತು. ಈ ಯಂತ್ರ ನಿಮಿಷಕ್ಕೆ ನಾಲ್ಕೈದು ಮತಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಅರ್ಧ ಗಂಟೆ ಹಿಡಿದು ಕೂತರೂ ಹೆಚ್ಚೆಂದರೆ ನೂರೈವತ್ತು. ಅಷ್ಟರಲ್ಲಿ ಪೊಲೀಸರು ಬರಬಹುದು, ಇಲ್ಲವೇ ಅಧಿಕಾರಿ ‘ಕ್ಲೋಸ್’ ಗುಂಡಿ ಒತ್ತಿಬಿಟ್ಟರೆ ಆಮೇಲೆ ಒಂದು ಮತವೂ ಬೀಳದು. ಎಲೆಕ್ಟ್ರಾನಿಕ್ಸ್‌ನವರು ಸರ್ಕೀಟನ್ನು ವೇಗ ಮಾಡಲು ಜೀವ ತೇಯುತ್ತಾರೆ. ಇಲ್ಲಿ ಬೇಕೆಂದೇ ನಿಧಾನ ಮಾಡಿದ್ದಾರೆ. ಆ ನಿಧಾನದಲ್ಲಿ ಈ ದೇಶದ ಒಂದು ಚರಿತ್ರೆಯೇ ಇದೆ.

ಯಂತ್ರ ಮೆಚ್ಚಿಕೊಂಡ ಹುಡುಗರಿಗೆ ಅಲ್ಲಿಗೇ ಬಿಟ್ಟರೆ ಪಾಠ ಅರ್ಧವಾಗುತ್ತದೆ. 1982ರಲ್ಲಿ ಕೇರಳದ ಪರೂರಿನಲ್ಲಿ 50 ಮತಗಟ್ಟೆಗಳಲ್ಲಿ ಯಂತ್ರ ಬಳಸಿದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟು 1984ರಲ್ಲಿ ಹೇಳಿ, ಅಲ್ಲಿ ಮತ್ತೆ ಕಾಗದದ ಮತದಾನ ಮಾಡಿಸಿತು. ಗೆದ್ದವರು ಸೋತರು. ಕಾನೂನು ತಿದ್ದುಪಡಿಯಾಗಿ, ಯಂತ್ರಗಳು ಲೋಕಸಭೆಯ ಎಲ್ಲ ಕ್ಷೇತ್ರಗಳಿಗೆ ಬಂದದ್ದು 2004ರಲ್ಲಿ. ಆಗ ಇನ್ನೊಂದು ತೊಡಕು ಕಾಣಿಸಿತು. ಕಾಗದ ಇದ್ದಾಗ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರದಲ್ಲಿ ಒಂದೊಂದು ಮತಗಟ್ಟೆಯ ಲೆಕ್ಕವೂ ಪ್ರತ್ಯೇಕ. ಒಬ್ಬೊಬ್ಬರ ಗುಟ್ಟು ಉಳಿಯಿತು, ಕೇರಿಯ ಗುಟ್ಟು ಹೋಯಿತು. ಯಾವ ಊರು ಯಾರಿಗೆ ಹಾಕಿತು ಎಂದು ಗೆದ್ದವನಿಗೂ ಗೊತ್ತು, ಸೋತವನಿಗೂ ಗೊತ್ತು. ಮುಂದಿನ ಐದು ವರ್ಷ ಆ ಊರಿನ ನಲ್ಲಿಗೆ ನೀರು ಬರುವುದೋ ಇಲ್ಲವೋ. ಇದಕ್ಕೆ ಎಂಜಿನಿಯರುಗಳೇ ಉತ್ತರ ಕಂಡುಹಿಡಿದರು: ‘ಟೋಟಲೈಸರ್’, 14 ಮತಗಟ್ಟೆಗಳ ಯಂತ್ರಗಳನ್ನು ಜೋಡಿಸಿ ಒಟ್ಟು ಮೊತ್ತವನ್ನಷ್ಟೇ ತೋರಿಸುವ ಸಾಧನ. ಚುನಾವಣಾ ಆಯೋಗ 2008ರಲ್ಲಿ ಇದನ್ನು ಸೂಚಿಸಿತು, ಕಾನೂನು ಆಯೋಗ 2015ರ ವರದಿಯಲ್ಲಿ ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಒಪ್ಪದವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಮತಗಟ್ಟೆವಾರು ಲೆಕ್ಕ ಇದ್ದರೆ ಪಕ್ಷದ ಏಜೆಂಟರು ತಮ್ಮ ಪಟ್ಟಿಯ ಜೊತೆ ತಾಳೆ ನೋಡಬಹುದು, ಮೋಸವಾದರೆ ಎಲ್ಲಿ ಎಂದು ತಿಳಿಯುತ್ತದೆ. ಗುಟ್ಟು ಮತ್ತು ಪಾರದರ್ಶಕತೆ, ಎರಡೂ ಒಳ್ಳೆಯವೇ. ಒಂದೇ ಯಂತ್ರದಲ್ಲಿ ಒಂದು ಇನ್ನೊಂದರ ಕಾಲು ತುಳಿಯುತ್ತದೆ. ನನ್ನನ್ನು ಕೇಳಿದರೆ ಟೋಟಲೈಸರ್ ಬೇಕು ಅನ್ನುತ್ತೇನೆ. ಆದರೆ ನನ್ನ ತರಗತಿಯಲ್ಲಿ ಬೇಡ ಎಂದು ಚೆನ್ನಾಗಿ ವಾದಿಸಿದವರಿಗೆ ಹೆಚ್ಚು ಅಂಕ ಸಿಕ್ಕಿದೆ. 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್‌ನಲ್ಲಿ ಶುರುವಾದ ವಿವಿಪ್ಯಾಟ್ ಚೀಟಿ (ಮತ ಯಾರಿಗೆ ಬಿತ್ತೆಂದು ಮತದಾರನಿಗೆ ತೋರಿಸುವ ಕಾಗದ), ಅದರ ಮೇಲೆ ಸುಪ್ರೀಂ ಕೋರ್ಟು ಕೊಟ್ಟ 2024ರ ಏಪ್ರಿಲ್ ತೀರ್ಪು, ಇವೂ ಇದೇ ಜಗಳದ ಮುಂದಿನ ಅಧ್ಯಾಯಗಳು.

ಇಲ್ಲೇ ಹತ್ತಿರದ ಇನ್ನೊಂದು ಪ್ರಸಂಗ. ನಮ್ಮ ಜನ ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಎಂಬ ಎಲೆಕ್ಟ್ರೋಕೆಮಿಸ್ಟ್ ಇದ್ದರು. ಅವರೂ ಸೇರಿ ಬರೆದ ಆ ಶಾಸ್ತ್ರದ ಪಠ್ಯಪುಸ್ತಕವನ್ನು ಜಗತ್ತಿನಾದ್ಯಂತ ಓದಿಸುತ್ತಿದ್ದರು. ಅಂಥವರು 1974ರಲ್ಲಿ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲೆಂದು ‘ಅಸ್ತ್ರ’ ಎಂಬ ಗುಂಪು ಕಟ್ಟಿ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು. ಅಸ್ತ್ರ ಒಲೆಯ ಹೆಸರನ್ನು ನಿಮ್ಮ ಅಜ್ಜಿಯರು ಕೇಳಿರುತ್ತಾರೆ. ನಾನು ಹೇಳಬೇಕೆಂದದ್ದು ಪುರ ಎಂಬ ಹಳ್ಳಿಯ ಗೋಬರ್ ಗ್ಯಾಸಿನ ಕಥೆ.

ಇಡೀ ಊರಿಗೆ ಒಂದು ಸ್ಥಾವರ, ಮನೆಮನೆಗೆ ಅಡುಗೆ ಅನಿಲ ಎಂಬುದು ಮೊದಲ ವಿನ್ಯಾಸ. ಪಟ್ಟಣದ ವಿಜ್ಞಾನಿಗಳಿಗೆ ಹೊಗೆ ಕಂಡಿತ್ತು, ಸೌದೆ ಕಂಡಿತ್ತು. ಆದರೆ ಸಿಗುವ ಸಗಣಿಯಲ್ಲಿ ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಜೊತೆಗೆ, ಸೌದೆಯನ್ನು ಊರಿನವರು ದುಡ್ಡು ಕೊಡದೆ ಆಯ್ದು ತರುತ್ತಿದ್ದರು. ಅವರಿಗೆ ತುರ್ತಾಗಿ ಬೇಕಿದ್ದದ್ದು ಕುಡಿಯುವ ನೀರು. ತಂಡ ಪಟ್ಟು ಹಿಡಿಯಲಿಲ್ಲ. ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು, 5 ಕೆವಿಎ ಜನರೇಟರ್ ಓಡಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ಟ್ಯೂಬ್‌ಲೈಟ್ ಹಾಕಿದರು. 1987ರಲ್ಲಿ ಅದು ಶುರುವಾಯಿತು. ಸಗಣಿ ಹೊತ್ತು ತಂದವರಿಗೆ ಕಿಲೋಗೆ ಎರಡು ಪೈಸೆ ಕೊಟ್ಟರು; ಬಗ್ಗಡವನ್ನು ಸೋಸಿ ಉಳಿದ ಗೊಬ್ಬರವನ್ನು ಸಗಣಿ ಕೊಟ್ಟ ಮನೆಗೇ ಹಿಂದಿರುಗಿಸಿದರು. ಆ ಎರಡು ಪೈಸೆಯನ್ನು ನಾನು ವಿನ್ಯಾಸದ ಭಾಗವೆಂದೇ ಎಣಿಸುತ್ತೇನೆ, ಎಂಜಿನ್ನಿನ ಅಶ್ವಶಕ್ತಿಯಷ್ಟೇ. ಊರಿನ ದನ ಉಳ್ಳವರ ಸೊತ್ತು, ಸಗಣಿ ಹೊರುವುದು ಹೆಂಗಸರ ದುಡಿಮೆ ಎಂದು ಬಿಟ್ಟಿದ್ದರೆ ಡೈಜೆಸ್ಟರ್ ಖಾಲಿ ಬಿದ್ದಿರುತ್ತಿತ್ತು.

ಇದನ್ನು ಕಲಿಸುವುದು ಹೇಗೆ ಎಂದು ಅಧ್ಯಾಪಕ ಮಿತ್ರರು ಕೇಳುತ್ತಾರೆ. ನಾನು ಮಾಡುವುದು ಸರಳ. ಪ್ರತಿ ಪ್ರಾಜೆಕ್ಟ್ ವರದಿಯ ಕೊನೆಗೆ ಒಂದು ಪುಟ ಬರೆಸುತ್ತೇನೆ: ನೀವು ಆರಿಸಿಕೊಂಡ ಮೂರು ಅಂಕಿ ಹೇಳಿ, ಅವು ಎಲ್ಲಿಂದ ಬಂದವು, ಅವನ್ನು ಬದಲಿಸಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ. ಸಂಹಿತೆಯಲ್ಲಿದೆ ಎಂಬುದು ಉತ್ತರವಲ್ಲ. ಇಬ್ಬರು ಬೇರೆ ಬೇರೆ ಅಂಕಿ ಆರಿಸಿ ಇಬ್ಬರೂ ಪೂರ್ತಿ ಅಂಕ ಪಡೆಯಬಹುದು, ಕಾರಣ ಗಟ್ಟಿಯಿದ್ದರೆ. ಅಧ್ಯಾಪಕ ತನ್ನ ರಾಜಕೀಯ ಹೇರಿದಂತಾಗದೇ ಎಂಬ ಭಯಕ್ಕೂ ಇದೇ ಮದ್ದು.

ಕಂಪ್ಯೂಟರ್ ಸೈನ್ಸಿನವರು ಇದು ಕಾಂಕ್ರೀಟಿನವರ ಪಾಡು ಎಂದು ನಗಬೇಡಿ. ನಾಗವಾರದ ಮಾನ್ಯತಾ ಪಾರ್ಕಿನಲ್ಲಿ ಕೂತು ನೀವು ಬರೆಯುವ ಫಾರಂನಲ್ಲಿ ‘ಲಾಸ್ಟ್ ನೇಮ್’ ಕಡ್ಡಾಯ ಎಂದು ಕೆಂಪು ಚುಕ್ಕೆ ಇಡುತ್ತೀರಿ. ನಮ್ಮಲ್ಲಿ ಎಷ್ಟೋ ಜನರಿಗೆ ಇರುವುದು ಒಂದು ಹೆಸರು, ಮುಂದೆ ಊರಿನದೋ ಅಪ್ಪನದೋ ಒಂದು ಅಕ್ಷರ. ‘ಕೆ’ ಎಂದು ಹಾಕಿದರೆ ಕನಿಷ್ಠ ಎರಡು ಅಕ್ಷರ ಬೇಕು ಅನ್ನುತ್ತದೆ ಯಂತ್ರ. ಅಪ್ಪನ ಹೆಸರು ತುಂಬಿದರೆ ಆಧಾರ್ ಜೊತೆ ತಾಳೆಯಾಗುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಕ್ಲೈಂಟ್ ಹೇಳಿದ್ದೇ ಆಖೈರು ಸಾರ್, ನಮ್ಮ ಕೈಯಲ್ಲೇನಿದೆ ಎಂದು ಹಳೆಯ ವಿದ್ಯಾರ್ಥಿಗಳು ನನಗೆ ಫೋನಿನಲ್ಲಿ ಹೇಳುತ್ತಾರೆ. ಎಷ್ಟೋ ಸಲ ಅದು ನಿಜ. ಆದರೆ ಆ ಕೆಂಪು ಚುಕ್ಕೆಯನ್ನು ಕ್ಲೈಂಟ್ ಕೇಳಿರುವುದು ಅಪರೂಪ; ಹಳೆಯ ಫಾರಂನಿಂದ ನಕಲು ಮಾಡುವಾಗ ಅದು ತಾನಾಗಿ ಬಂದಿರುತ್ತದೆ. ಅಂಥ ಜಾಗಗಳಲ್ಲಿ ಹೊಸದಾಗಿ ಸೇರಿದವರ ಮಾತು ಸಹ ನಡೆಯುತ್ತದೆ, ರಿವ್ಯೂ ಮೀಟಿಂಗಿನಲ್ಲಿ ಒಂದು ಸಾಲಿನ ಪ್ರಶ್ನೆ ಸಾಕು.

ಇದಕ್ಕೆ ಹೊಸ ಸಿಲಬಸ್ ಬೇಡ, ಬೋರ್ಡ್ ಆಫ್ ಸ್ಟಡೀಸ್ ಒಪ್ಪಿಗೆಗೆ ಕಾಯಬೇಕಿಲ್ಲ. ಆಂತರಿಕ ಅಂಕಗಳು ನಮ್ಮ ಕೈಯಲ್ಲೇ ಇವೆ. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟುಗಳ ಸಾರಾಂಶ ಇನ್ನೂ ನೋಟಿಸ್ ಬೋರ್ಡಿಗೆ ಬಂದಿಲ್ಲ ಎಂದು ವಿಭಾಗ ಮುಖ್ಯಸ್ಥರು ಈಗಷ್ಟೇ ಹೇಳಿದರು. ಆ ಒಂದು ಪುಟವನ್ನು ಅವಕ್ಕೇ ಸೇರಿಸಬಹುದು. ಈಗ ಪ್ರಶ್ನೆಗಳಿಗೆ ಸಮಯವಿದೆ; ಟೋಟಲೈಸರ್ ಬೇಡ ಅನ್ನುವವರು ಮೊದಲು ಕೇಳಿ.